ಗೊರವಂಕದ ಸಮೀಕ್ಷೆ

ಕನ್ನಡಿಯ ಮುಂದೆ ಕೂರುವ ಗುಬ್ಬಿಗಳು ಸುಖವಾಗಿವೆಯೇ ಎಂದು ಸಮೀಕ್ಷೆ ಮಾಡುತ್ತಿದ್ದ ಗೊರವಂಕ, ಸ್ಕೂಟರಿನ ಕನ್ನಡಿಯಲ್ಲಿ ತನ್ನನ್ನೇ ನೋಡಿ ಕುಕ್ಕುತ್ತಿದ್ದ ತಾಯಿಗುಬ್ಬಿಯನ್ನು ಕೇಳಿತು: “ದಿನಕ್ಕೆ ಎಷ್ಟು ಹೊತ್ತು ಇಲ್ಲಿರುತ್ತೀಯಮ್ಮ?”

“ಹೋಗುತ್ತಾ ಬರುತ್ತಾ ಒಂದು ಗಳಿಗೆ, ಅಷ್ಟೇ. ನನಗೇನು ಬೇರೆ ಕೆಲಸವಿಲ್ಲವೇ, ಅಕ್ಕ?”

“ಮನೆಯಲ್ಲಿ ಎಲ್ಲ ಕ್ಷೇಮವೇ?”

“ಪರಮ ಕ್ಷೇಮ.”

ಗೊರವಂಕ ಎರಡನ್ನೂ ಬರೆದುಕೊಂಡಿತು. ಅಷ್ಟರಲ್ಲಿ ಮೇಲಿನ ಹೆಂಚಿನ ಸಂದಿಯಲ್ಲಿ ಮರಿಗಳು ಚೀರಿದವು. ಅದು ಅಲ್ಲಿಗೆ ಹಾರಿ, “ಅಮ್ಮ ಊಟ ತರುವುದು ಯಾವಾಗ, ಮಕ್ಕಳೇ?” ಎಂದಿತು.

“ಸ್ಕೂಟರ್ ಹೊರಗೆ ಹೋದಾಗ. ಇವತ್ತು ಭಾನುವಾರ, ಅದು ಹೋಗುವುದೇ ಇಲ್ಲ.”

ತಾಯಿಗುಬ್ಬಿ ತಲೆ ತಗ್ಗಿಸಿತು. ಗೊರವಂಕವೂ ತಗ್ಗಿಸಿತು. ಆಗಲೇ ನೂರು ಗುಬ್ಬಿಗಳ ಹೆಸರಿನ ಮುಂದೆ ‘ಕ್ಷೇಮ’ ಎಂದು ಬರೆದಾಗಿತ್ತು. ಅವುಗಳಲ್ಲಿ ಒಂದರ ಗೂಡಿನೊಳಗೂ ಅದು ಇಣುಕಿರಲಿಲ್ಲ.