ನಾಲ್ಕು ಗೆರೆಯ ಬ್ಯಾಟರಿ

ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಯಂತ್ರವೊಂದರಲ್ಲಿ ಮುದಿ ಬ್ಯಾಟರಿಯೊಂದಿತ್ತು. ಅದರ ಬಲ ಎಂದೋ ಉಡುಗಿತ್ತು. ಆದರೂ ಪರದೆಯ ಮೂಲೆಯಲ್ಲಿ, ಪೂರ್ತಿ ತುಂಬಿದ್ದೇನೆಂದು ನಾಲ್ಕು ಗೆರೆ ತೋರಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಆ ಯಂತ್ರ ತನ್ನ ಕಂಪನಿಯ ಆಟಗಳನ್ನಲ್ಲದೆ ಬೇರೇನನ್ನೂ ಒಳಗೆ ಬಿಡುತ್ತಿರಲಿಲ್ಲ. ಅದರ ಒಡತಿ ವಾರಿಜ ತಾನೇ ಬರೆದ ಚೌಕಾಬಾರದ ಆಟವನ್ನು ಮೆಮೊರಿ ಕಾರ್ಡಿಗೆ ತುಂಬಿ, ಒಂದು ದಿನ ಯಂತ್ರಕ್ಕೆ ಹಾಕಿದಳು.

ಕಾರ್ಡು ಬ್ಯಾಟರಿಗೆ ವಿನಯದಿಂದ ಹೇಳಿತು: "ಹಿರಿಯರೇ, ನನ್ನಲ್ಲಿರುವ ಆಟ ನಡೆಯಬೇಕಾದರೆ ಈ ಯಂತ್ರವನ್ನು ನಡೆಸುವ ಮೂಲ ಬರಹವನ್ನು ಅಳಿಸಿ ಹೊಸದಾಗಿ ಬರೆಯಬೇಕು. ಹತ್ತು ನಿಮಿಷದ ಕೆಲಸ. ನಡುವೆ ನೀವು ಸೋತರೆ ಯಂತ್ರ ಕಲ್ಲಾಗುತ್ತದೆ, ಮತ್ತೆ ಏಳುವುದಿಲ್ಲ. ಅಷ್ಟು ಬಲ ಇದೆಯೇ? ಇಲ್ಲವೆಂದರೆ ತಪ್ಪೇನಿಲ್ಲ. ಚಾರ್ಜರ್ ಪಕ್ಕದಲ್ಲೇ ಇದೆ."

ಬ್ಯಾಟರಿಗೆ ಒಳಗೊಳಗೇ ಅಳುಕಾಯಿತು. ಆದರೆ ಇಷ್ಟು ವರ್ಷ ತುಂಬು ಗೆರೆ ತೋರಿಸಿದ ತಾನು, ಇಂದು ಬಂದ ಕಾರ್ಡಿನ ಮುಂದೆ ಇಲ್ಲವೆನ್ನುವುದೇ?

"ಗೆರೆ ಕಾಣುವುದಿಲ್ಲವೇ ನಿನಗೆ?" ಎಂದು ಗದರಿತು.

ವಾರಿಜಳೂ ಗೆರೆಗಳನ್ನು ನೋಡಿದಳು. ಚಾರ್ಜರನ್ನು ಬದಿಗೆ ಸರಿಸಿ ಗುಂಡಿ ಒತ್ತಿದಳು.

ಹಳೆಯ ಬರಹ ಅಳಿಯಿತು. ಹೊಸದು ಅರ್ಧ ಮುಗಿದಿತ್ತು. "ಇನ್ನು ಐದೇ ನಿಮಿಷ, ಹಿರಿಯರೇ," ಎಂದಿತು ಕಾರ್ಡು. ಅಷ್ಟರಲ್ಲೇ ಬ್ಯಾಟರಿಯ ಬಲ ಮುಗಿಯಿತು. ಪರದೆ ಕಪ್ಪಾಯಿತು.

ವಾರಿಜ ಗಾಬರಿಯಿಂದ ಚಾರ್ಜರ್ ಚುಚ್ಚಿದಳು. ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. ಯಂತ್ರ ಕಲ್ಲಾಗಿತ್ತು. ಕೊನೆಗೆ ಕಾರ್ಡನ್ನು ಮಾತ್ರ ತೆಗೆದುಕೊಂಡು ಎದ್ದುಹೋದಳು.

ಚಾರ್ಜರ್ ಹಾಗೇ ಉಳಿಯಿತು. ಸಂಜೆಯ ಹೊತ್ತಿಗೆ ಬ್ಯಾಟರಿಯಲ್ಲಿ ನಿಜವಾಗಿಯೇ ನಾಲ್ಕು ಗೆರೆ ತುಂಬಿತ್ತು. ತೋರಿಸಿಕೊಳ್ಳಲು ಪರದೆಯಲ್ಲಿ ಬೆಳಕಿರಲಿಲ್ಲ.