ಹಡಗಿಗೆ ಧೈರ್ಯವಿದೆಯೇ?

ಕೆರಿಬಿಯನ್ ದ್ವೀಪವೊಂದಕ್ಕೆ ಪ್ರವಾಸಿ ಹಡಗು ಬಂದಿತ್ತು. ನಾಲ್ಕಕ್ಕೆ ಅದು ಹೊರಡಬೇಕು. ಊರು ತೋರಿಸಿದ ವ್ಯಾನಿನವನು ಮೂರೂವರೆಗೇ ಹಾರ್ನ್ ಹೊಡೆದ. ಒಳಗೆ ಕೂತ ಹನ್ನೊಂದು ಜನ ಚಡಪಡಿಸುತ್ತಿದ್ದರು. ನಿವೃತ್ತ ಅಧಿಕಾರಿ ಚಂದ್ರಮೌಳಿಯವರು ಮಾತ್ರ ಕಡಲ ದಂಡೆಯ ಕುರ್ಚಿ ಬಿಟ್ಟೇಳಲಿಲ್ಲ.

"ನನ್ನನ್ನ ಬಿಟ್ಟು ಹೋಗೋ ಧೈರ್ಯ ಆ ಹಡಗಿಗಿದೆಯೇನಯ್ಯಾ?" ಎಂದು ಗದರಿದರು.

"ಆಗಲಿ ಸ್ವಾಮಿ, ಕೂತಿರಿ," ಎಂದ ವ್ಯಾನಿನವನು. "ಅಗೋ, ಎಳನೀರು ಕೊಚ್ಚುತ್ತಿದ್ದಾರಲ್ಲ, ಅವರೂ ದೊಡ್ಡ ಸಾಹೇಬರೇ. ಹಡಗು ಕಾಯುತ್ತೆ ಅಂತ ಇದೇ ಕುರ್ಚಿಯಲ್ಲಿ ಕೂತಿದ್ದರು. ಒಂಬತ್ತು ವರ್ಷ ಆಯ್ತು."

ಎಳನೀರಿನವನು ಕಡಲು ನೋಡಿ ನಿಟ್ಟುಸಿರಿಟ್ಟ.

ಚಂದ್ರಮೌಳಿಯವರು ಚಪ್ಪಲಿ ಕೈಲಿ ಹಿಡಿದು ಓಡಿಬಂದು ವ್ಯಾನ್ ಹತ್ತಿದರು. "ಇನ್ನೂ ಯಾಕಯ್ಯಾ ನಿಂತಿದ್ದೀಯ? ಹೊರಡು!"

ಎಲ್ಲರನ್ನೂ ಹಡಗು ಹತ್ತಿಸಿ ವ್ಯಾನಿನವನು ದಂಡೆಗೆ ಮರಳಿದ. ಎಳನೀರಿನವನು ಅವನ ಸ್ವಂತ ಭಾವ. ಹುಟ್ಟಿದಾಗಿನಿಂದ ದ್ವೀಪ ಬಿಟ್ಟು ಕದಲಿದವನಲ್ಲ.

"ಭಾವ, ನಾಳೆ ಎರಡು ಹಡಗು ಬರ್ತವೆ. ನಿಟ್ಟುಸಿರು ಇನ್ನೊಂಚೂರು ಉದ್ದ ಇರಲಿ!"