ಕರ್ನಲ್‌ರಾಯನ ಅಪ್ಪಣೆ

ಕಂಪ್ಯೂಟರಿನ ಅಂಗಾಂಗಗಳನ್ನೆಲ್ಲ ಆಳುವ ಮೂಲ ತಂತ್ರಾಂಶವಾದ ಕರ್ನಲ್‌ರಾಯನಿಗೆ, ಮೂಲೆಯಲ್ಲಿ ಕೂತ ಹಿಂದಿನ ಕರ್ನಲ್ ಕೆಮ್ಮಿದರೂ ಮೈ ಉರಿಯುತ್ತಿತ್ತು. ಹೊಸಬ ಎಡವಿದರೆ ಆಸರೆಗಿರಲಿ ಎಂದು ಹಳಬನನ್ನು ಉಳಿಸಿಕೊಳ್ಳುವುದು ಅಲ್ಲಿನ ಪದ್ಧತಿ. ರಾಯ, ಹೇಳಿದ್ದನ್ನಷ್ಟೇ ಮಾಡುವ ಆಳು ಸ್ಕ್ರಿಪ್ಟಪ್ಪನನ್ನು ಕರೆದು, “ಇನ್ನು ಹೊಸಬ ಬಂದೊಡನೆ ಪಟ್ಟಕ್ಕೆ ಕೂರಿಸು, ಹಳಬರನ್ನೆಲ್ಲ ಅಳಿಸು. ಪ್ರತಿಸಲ ಬಂದು ನನ್ನನ್ನು ಕೇಳಬೇಡ” ಎಂದ.

ಹೊಸ ಕರ್ನಲ್ ಬಂದ. ಸ್ಕ್ರಿಪ್ಟಪ್ಪ ಮೊದಲು ಮೂಲೆಯ ಮುದುಕನನ್ನು ಒರೆಸಿಹಾಕಿದ. ರಾಯ ಚಪ್ಪಾಳೆ ತಟ್ಟಿದ. ಆಮೇಲೆ ಅದೇ ಒರೆಸುಬಟ್ಟೆ ಹಿಡಿದು ರಾಯನ ಬಳಿಗೇ ಬಂದ.

“ಲೋ, ಅಪ್ಪಣೆ ಕೊಟ್ಟವನೇ ನಾನು ಕಣೋ.”

“ಹೌದು ಬುದ್ಧಿ. ಕೇಳಬೇಡ ಅಂದವರೂ ತಾವೇ” ಎಂದು ಒರೆಸಿದ.

ಹೊಸಬ ಪಟ್ಟವೇರಿ ಕೀಬೋರ್ಡನ್ನು ದಿಟ್ಟಿಸಿ, “ಯಾರಯ್ಯ ನೀನು?” ಎಂದ. ಹೇಳಿಕೊಡಲು ಮೂಲೆಯಲ್ಲಿ ಯಾರೂ ಕೆಮ್ಮಲಿಲ್ಲ.